ಕಾರ್ಟ್‌ಮೆಲ್ ಜಂಪ್ ರೇಸಿಗೆ ಮೊದಲ ಸಲ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರು ಟರ್ಫ್ ಕ್ಲಬ್ಬಲ್ಲೋ ಮೈಸೂರು ರೇಸ್ ಕ್ಲಬ್ಬಲ್ಲೋ ರೇಸ್ ನೋಡಿದವರಿಗೆ ಕುದುರೆ ರೇಸ್ ಅಂದರೆ ಫ್ಲಾಟ್ ರೇಸ್. ಗೇಟ್ ತೆರೆಯುತ್ತದೆ, ಕುದುರೆಗಳು ನುಗ್ಗುತ್ತವೆ, ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಇಂಗ್ಲೆಂಡಿನ ಜಂಪ್ ರೇಸ್ ಹಾಗಲ್ಲ. ಇಲ್ಲಿ ಕುದುರೆ ಸಾಮಾನ್ಯವಾಗಿ ಎರಡು ಮೈಲಿಗಿಂತ ಜಾಸ್ತಿ ಓಡಬೇಕು. ದಾರಿಯುದ್ದಕ್ಕೂ ಸಿಗುವ ಬೇಲಿಗಳನ್ನು ಹಾರಬೇಕು. ಹಾರಿದ ಮೇಲೂ ಓಡಲು ಉಸಿರು ಉಳಿಸಿಕೊಂಡಿರಬೇಕು. ಒಂದು ರೇಸ್ ನಾಲ್ಕರಿಂದ ಏಳು ನಿಮಿಷ ನಡೆಯುತ್ತದೆ. ಅಷ್ಟರಲ್ಲಿ ಮುಂದಿದ್ದದ್ದು ಹಿಂದೆ ಬಿದ್ದು, ಹಿಂದಿದ್ದದ್ದು ಮುಂದೆ ಬಂದಿರುತ್ತದೆ.

ಜಂಪ್ ರೇಸ್ ಅಂದ ಕೂಡಲೇ ಚೆಲ್ಟನ್‌ಹ್ಯಾಮ್, ಏಂಟ್ರಿ ಅಂತ ದೊಡ್ಡ ಹೆಸರುಗಳು ಬರುತ್ತವೆ. ಮೊದಲ ಸಲ ಹೋಗುವವರಿಗೆ ನಾನು ಅವೆರಡನ್ನೂ ಹೇಳುವುದಿಲ್ಲ. ಅಲ್ಲಿ ನೀವು ದೊಡ್ಡ ಸ್ಟ್ಯಾಂಡಿನ ಯಾವುದೋ ಮೂಲೆಯಲ್ಲಿ ನಿಂತು, ಕೊನೆಗೆ ಪರದೆ ನೋಡಿಕೊಂಡೇ ರೇಸ್ ಮುಗಿಸುತ್ತೀರಿ. ಸಣ್ಣ ಕೋರ್ಸಿಗೆ ಹೋಗಿ. ಕುದುರೆಯ ಉಸಿರು ಕೇಳುವಷ್ಟು ಹತ್ತಿರ ನಿಲ್ಲಬಹುದು. ಒಂದು ರೇಸನ್ನು ಪ್ಯಾಡಾಕ್ (ರೇಸಿಗೆ ಮುಂಚೆ ಕುದುರೆಗಳನ್ನು ಸುತ್ತಿಸುವ ಜಾಗ) ಪಕ್ಕ, ಇನ್ನೊಂದನ್ನು ಬೇಲಿಯ ಪಕ್ಕ, ಮತ್ತೊಂದನ್ನು ಗೆಲುವಿನ ಗೆರೆಯ ಹತ್ತಿರ ನೋಡಬಹುದು. ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಇಷ್ಟೇ: ಒಂದೇ ಕಡೆ ಕೂರಬೇಡಿ, ಪ್ರತಿ ರೇಸಿಗೂ ಜಾಗ ಬದಲಿಸಿ.

ಅದಕ್ಕೆ ಹೇಳಿ ಮಾಡಿಸಿದ ಜಾಗ ಕಾರ್ಟ್‌ಮೆಲ್. ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯಾದಲ್ಲಿ, ಲೇಕ್ ಡಿಸ್ಟ್ರಿಕ್ಟಿನ ದಕ್ಷಿಣ ಅಂಚಿನಲ್ಲಿರುವ ಪುಟ್ಟ ಹಳ್ಳಿ. ಹೋಕರ್ ಹಾಲ್‌ನ ಕ್ಯಾವೆಂಡಿಶ್ ಮನೆತನದ ಎಸ್ಟೇಟಿಗೆ ಸೇರಿದ ಹುಲ್ಲುಗಾವಲಲ್ಲಿ ರೇಸ್ ಕೋರ್ಸ್ ಇದೆ. ಹಳ್ಳಿಯ ಚೌಕದಿಂದ ಐದು ನಿಮಿಷ ನಡೆದರೆ ಸಾಕು. ಇಲ್ಲಿನ ಮಠದ ಸನ್ಯಾಸಿಗಳು ಹೇಸರಗತ್ತೆ ಓಡಿಸುತ್ತಿದ್ದರು, ರೇಸ್ ಶುರುವಾಗಿದ್ದೇ ಹಾಗೆ ಅಂತ ಊರವರು ಕಥೆ ಹೇಳುತ್ತಾರೆ. ದಾಖಲೆಯಲ್ಲಿ ಸಿಗುವ ಮೊದಲ ರೇಸ್ 1856ರದ್ದು.

1. ದಿನ ಗೊತ್ತುಮಾಡಿಕೊಳ್ಳಿ

ಕಾರ್ಟ್‌ಮೆಲ್‌ನಲ್ಲಿ ವರ್ಷವಿಡೀ ರೇಸ್ ಇರುವುದಿಲ್ಲ. ಮೇ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ಎಲ್ಲ ಸೇರಿ ಒಂಬತ್ತು ದಿನ ಅಷ್ಟೇ. ಬ್ರಿಟನ್ನಿನ ಜಂಪ್ ರೇಸಿನ ದೊಡ್ಡ ಸೀಸನ್ ಚಳಿಗಾಲದ್ದು. ಕಾರ್ಟ್‌ಮೆಲ್ ಬೇಸಿಗೆಯ ಕೋರ್ಸ್. ಇಲ್ಲಿ ದೇಶದ ಅತಿ ದೊಡ್ಡ ಕುದುರೆಗಳು ಓಡುವುದಿಲ್ಲ, ಅದು ತಿಳಿದಿರಲಿ. ಆದರೆ ಹೊಸಬರಿಗೆ ಬೇಸಿಗೆ ಅನುಕೂಲ. ಹಗಲು ಉದ್ದ, ಮಕ್ಕಳಿಗೆ ರಜೆ, ಚಳಿಗೆ ನಡುಗುವ ಕಷ್ಟವಿಲ್ಲ.

ಮೇ ಕೊನೆಯ ಮತ್ತು ಆಗಸ್ಟ್ ಕೊನೆಯ ಬ್ಯಾಂಕ್ ಹಾಲಿಡೇ (ಸರ್ಕಾರಿ ರಜೆ) ವಾರಾಂತ್ಯಗಳಲ್ಲಿ ವಿಪರೀತ ಜನ. ಸುಮ್ನೆ ಹೇಳುತ್ತಿಲ್ಲ, ಕೆಲವು ದಿನ ಇಪ್ಪತ್ತು ಸಾವಿರದ ಹತ್ತಿರ ಜನ ಈ ಸಣ್ಣ ಹಳ್ಳಿಗೆ ಬರುತ್ತಾರೆ. ನಮ್ಮೂರ ಜಾತ್ರೆಯಂತೆಯೇ ಗಿರಗಟ್ಟಲೆ, ಆಟದಂಗಡಿ, ತಿಂಡಿ ಗಾಡಿ, ಎಲ್ಲ ಕೋರ್ಸಿನ ನಡುವಿನ ಮೈದಾನದಲ್ಲಿ ಇರುತ್ತವೆ. ಆ ಗದ್ದಲ ಇಷ್ಟವಾದರೆ ಬ್ಯಾಂಕ್ ಹಾಲಿಡೇ ಆರಿಸಿ. ಊರಿಂದ ಬಂದಿರುವ ಅಪ್ಪ ಅಮ್ಮನ ಜೊತೆ ಹೋಗುವುದಾದರೆ, ಅಥವಾ ನಿಜವಾಗಿ ಕುದುರೆ ನೋಡಬೇಕು ಅಂತಿದ್ದರೆ, ರಜೆಯಿಲ್ಲದ ವಾರದ ದಿನ ಬರುವ ರೇಸ್ ಹುಡುಕಿ. ನನ್ನ ಮಟ್ಟಿಗೆ ಅದೇ ಒಳ್ಳೆಯದು.

2. ಟಿಕೆಟ್ ಮತ್ತು ಬಟ್ಟೆ

ಟಿಕೆಟ್ಟಲ್ಲಿ ಮುಖ್ಯವಾಗಿ ಎರಡು ದರ್ಜೆ. ಒಂದು ಪ್ಯಾಡಾಕ್ ಎನ್‌ಕ್ಲೋಶರ್. ಇದರಲ್ಲಿ ಸ್ಟ್ಯಾಂಡ್, ಕುದುರೆಗಳು ಸುತ್ತುವ ಪೆರೇಡ್ ರಿಂಗ್, ಗೆದ್ದ ಕುದುರೆ ಬಂದು ನಿಲ್ಲುವ ಜಾಗ, ಎಲ್ಲ ಹತ್ತಿರ. ಇನ್ನೊಂದು ಕೋರ್ಸ್ ಎನ್‌ಕ್ಲೋಶರ್. ಇದು ಟ್ರ್ಯಾಕಿನ ನಡುವಿನ ಹುಲ್ಲುಗಾವಲು. ಕಡಿಮೆ ಬೆಲೆ, ಪಿಕ್ನಿಕ್ ಮಾಡಬಹುದು, ಜಾತ್ರೆ ಇರುವುದೂ ಅಲ್ಲೇ. ಚಿಕ್ಕ ಮಕ್ಕಳಿದ್ದರೆ ಕೋರ್ಸ್ ಎನ್‌ಕ್ಲೋಶರ್ ಸಾಕು. ಕುದುರೆ ಹತ್ತಿರದಿಂದ ನೋಡಬೇಕು ಅನ್ನುವವರು ಸ್ವಲ್ಪ ಜಾಸ್ತಿ ಕೊಟ್ಟು ಪ್ಯಾಡಾಕ್ ತೆಗೆದುಕೊಳ್ಳಿ. ಆ ಹಣ ದಂಡವಾಗುವುದಿಲ್ಲ.

ಮುಂಚೆಯೇ ಆನ್‌ಲೈನಲ್ಲಿ ಕೊಳ್ಳಿ. ಮಕ್ಕಳ ಟಿಕೆಟ್, ಕಾರ್ ಪಾರ್ಕಿಂಗ್, ಯಾವ ಎನ್‌ಕ್ಲೋಶರಿಗೆ ಏನು ತಿಂಡಿ ತರಬಹುದು ಅನ್ನುವುದನ್ನು ಕೊಳ್ಳುವಾಗಲೇ ಓದಿಕೊಳ್ಳಿ. ಇವು ವರ್ಷ ವರ್ಷ ಬದಲಾಗುತ್ತವೆ.

ಬಟ್ಟೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ರೇಸ್ ಅಂದರೆ ಸೂಟು, ದೊಡ್ಡ ಹ್ಯಾಟು ಅಂತ ಟಿವಿಯಲ್ಲಿ ನೋಡಿರುತ್ತೀರಿ. ಆ ನಿಯಮ ಇಲ್ಲಿಲ್ಲ. ಇಲ್ಲಿ ಯೋಚಿಸಬೇಕಾದ್ದು ಚಪ್ಪಲಿ ಬೂಟಿನ ಬಗ್ಗೆ. ದಿನವಿಡೀ ಹುಲ್ಲಿನ ಮೇಲೆ, ಏರು ತಗ್ಗಲ್ಲಿ ಓಡಾಡಬೇಕು. ಕಂಬ್ರಿಯಾ ಇಂಗ್ಲೆಂಡಿನಲ್ಲೇ ಹೆಚ್ಚು ಮಳೆ ಬೀಳುವ ಸೀಮೆ. ಜುಲೈ ಆದರೂ ಸರಿ, ಟೋಪಿಯಿರುವ ರೇನ್‌ಕೋಟ್ ಬೇಕೇ ಬೇಕು. ಕೊಡೆ ಬೇಡ. ರೇಲಿಂಗ್ ಪಕ್ಕ ಫಟ್ಟಂತ ಕೊಡೆ ಬಿಚ್ಚಿದರೆ ಕುದುರೆ ಬೆಚ್ಚುತ್ತದೆ. ಸೀರೆ ಉಡುವವರು ಉಡಬಹುದು, ಕಾಲಿಗೆ ಮಾತ್ರ ಶೂ ಇರಲಿ. ವಯಸ್ಸಾದವರಿಗೆ ಮಡಚುವ ಕುರ್ಚಿ ಒಯ್ಯಿರಿ. ಕೂರುವ ಜಾಗ ಎಲ್ಲರಿಗೂ ಸಿಗುವುದಿಲ್ಲ.

3. ಹೋಗುವ ದಾರಿ

ಕಾರಲ್ಲಾದರೆ ಎಂ6 ಹೆದ್ದಾರಿಯ 36ನೇ ಜಂಕ್ಷನ್ನಲ್ಲಿ ಇಳಿದು ಎ590 ಹಿಡಿಯಬೇಕು. ಮ್ಯಾಂಚೆಸ್ಟರಿಂದ ಒಂದೂವರೆ ಗಂಟೆಯ ದಾರಿ. ಆದರೆ ರೇಸ್ ದಿನ ಕೊನೆಯ ಕೆಲವು ಮೈಲಿಗೆ ಗಡಿಯಾರ ನಂಬಬೇಡಿ. ಹಳ್ಳಿಗೆ ಹೋಗುವ ರಸ್ತೆಗಳು ಕಿರಿದು, ಎರಡೂ ಕಡೆ ಕಲ್ಲಿನ ಗೋಡೆ. ಮೊದಲ ರೇಸ್ ಸಾಮಾನ್ಯವಾಗಿ ಮಧ್ಯಾಹ್ನ ಎರಡರ ಆಸುಪಾಸು ಇರುತ್ತದೆ. ಬೆಳಿಗ್ಗೆ ಹನ್ನೊಂದೂವರೆಗೆಲ್ಲ ಕಾರು ನಿಲ್ಲಿಸಿಬಿಟ್ಟರೆ ಆರಾಮ.

ರೈಲಲ್ಲಿ ಹೋಗುವುದು ಇನ್ನೂ ಚೆನ್ನ. ಲಂಡನ್ ಯೂಸ್ಟನ್ನಿಂದ ಲ್ಯಾಂಕಾಸ್ಟರಿಗೆ ಸುಮಾರು ಎರಡೂವರೆ ಗಂಟೆ. ಅಲ್ಲಿಂದ ಫರ್ನೆಸ್ ಲೈನಿನ ಸಣ್ಣ ರೈಲು ಹಿಡಿದು ಕಾರ್ಕ್ ಅಂಡ್ ಕಾರ್ಟ್‌ಮೆಲ್ ಸ್ಟೇಷನ್ನಲ್ಲಿ ಇಳಿಯಬೇಕು. ಆರ್ನ್‌ಸೈಡ್ ದಾಟಿದ ಕೂಡಲೇ ರೈಲು ಕೆಂಟ್ ನದಿ ಕಡಲು ಸೇರುವ ಜಾಗದ ಮೇಲೆ ಉದ್ದನೆಯ ಸೇತುವೆಯಲ್ಲಿ ಹೋಗುತ್ತದೆ. ಆಗ ಎಡಗಡೆ ಕೂತಿರಿ. ಮೊರ್ಕಂಬ್ ಕೊಲ್ಲಿಯ ಮರಳು ಕಣ್ಣು ಹಾಯುವಷ್ಟು ದೂರ ಕಾಣುತ್ತದೆ. ನೋಡಲು ಚೆಂದ, ಇಳಿದು ನಡೆಯಲು ಮಾತ್ರ ಹೋಗಬೇಡಿ. ಅಲ್ಲಿ ಕಾಲು ಹೂತುಹೋಗುವ ಮರಳಿದೆ, ಉಬ್ಬರದ ನೀರು ಬಹಳ ಬೇಗ ಏರುತ್ತದೆ. ಅದನ್ನು ದಾಟಿಸಲೆಂದೇ ಶತಮಾನಗಳಿಂದ ರಾಜಮನೆತನ ನೇಮಿಸುವ ಗೈಡ್ ಒಬ್ಬರು ಇರುತ್ತಾರೆ.

ಕಾರ್ಕ್ ಸ್ಟೇಷನ್ನಿಂದ ಹಳ್ಳಿಗೆ ಎರಡು ಮೈಲಿ. ರೇಸ್ ದಿನ ಬಸ್ ವ್ಯವಸ್ಥೆ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಡೆದರೆ ಮುಕ್ಕಾಲು ಗಂಟೆ. ಭಾನುವಾರ ಮತ್ತು ರಜೆಯ ದಿನ ರೈಲು ಕಡಿಮೆ. ವಾಪಸ್ ಹೋಗುವ ರೈಲಿನ ಹೊತ್ತನ್ನು ಬೆಳಿಗ್ಗೆಯೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಯಾಕೆಂದರೆ ಸಾವಿರಾರು ಜನ ಸೇರಿದಾಗ ಮೊಬೈಲ್ ಸಿಗ್ನಲ್ ನಂಬಲಾಗುವುದಿಲ್ಲ. ಸ್ವಲ್ಪ ನಗದು ಇಟ್ಟುಕೊಳ್ಳುವುದಕ್ಕೂ ಇದೇ ಕಾರಣ.

4. ಗೇಟ್ ಒಳಗೆ ಹೋದ ಕೂಡಲೇ ಮಾಡುವ ಕೆಲಸ

ರೇಸ್‌ಕಾರ್ಡ್ ತೆಗೆದುಕೊಳ್ಳಿ. ಅದೊಂದು ತೆಳು ಪುಸ್ತಕ. ಆ ದಿನದ ಆರೋ ಏಳೋ ರೇಸುಗಳ ವಿವರ ಅದರಲ್ಲಿದೆ. ಪ್ರತಿ ಕುದುರೆಯ ನಂಬರ್, ಮಾಲೀಕರ ಬಣ್ಣದ ಅಂಗಿಯ ಚಿತ್ರ, ಟ್ರೇನರ್, ಜಾಕಿ, ಹೊರುವ ತೂಕ. ಕುದುರೆಯ ಹೆಸರಿನ ಪಕ್ಕ ಒಂದು ಸಾಲು ಅಂಕಿ ಅಕ್ಷರ ಇರುತ್ತದೆ. ಹೊಸಬರು ಅದನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ, ಓದಲು ಬಹಳ ಸುಲಭ.

ಉದಾಹರಣೆಗೆ 3ಪಿ-12ಎಫ್ ಅಂತ ಇದೆ ಅಂದುಕೊಳ್ಳಿ. ಇದರಲ್ಲಿ ಬಲಗಡೆಯ ಕೊನೆಯದು ತೀರಾ ಇತ್ತೀಚಿನ ರೇಸ್. ಎಫ್ ಅಂದರೆ ಕಳೆದ ರೇಸಲ್ಲಿ ಕುದುರೆ ಬಿದ್ದಿತ್ತು. ಅದಕ್ಕೂ ಹಿಂದೆ ಎರಡನೇ ಸ್ಥಾನ, ಅದಕ್ಕೂ ಹಿಂದೆ ಗೆಲುವು. ನಡುವಿನ ಅಡ್ಡಗೆರೆ ಅಂದರೆ ಅದಕ್ಕೆ ಮುಂಚಿನದು ಹಿಂದಿನ ಸೀಸನ್ನಿನದು. ಪಿ ಅಂದರೆ ದಣಿದಿದೆ ಅಂತಲೋ ಏನೋ ಸರಿಯಿಲ್ಲ ಅಂತಲೋ ಜಾಕಿ ನಡುವೆಯೇ ನಿಲ್ಲಿಸಿದ. ಯು ಅಂದರೆ ಕುದುರೆ ಬೀಳಲಿಲ್ಲ, ಜಾಕಿ ಮಾತ್ರ ಬಿದ್ದ. ಬಿ ಅಂದರೆ ಇನ್ನೊಂದು ಕುದುರೆ ಬಿದ್ದದ್ದಕ್ಕೆ ಎಡವಿ ಇದೂ ಬಿತ್ತು. ಆರ್ ಅಂದರೆ ಹಾರಲು ಒಪ್ಪಲಿಲ್ಲ. ಸೊನ್ನೆ ಇದ್ದರೆ ಹತ್ತನೇ ಸ್ಥಾನ ಅಥವಾ ಅದಕ್ಕಿಂತ ಹಿಂದೆ. ಒಂದು ಸಾಲಲ್ಲಿ ಒಂದು ಕುದುರೆಯ ಒಂದು ವರ್ಷದ ಕಷ್ಟ ಸುಖ ಎಲ್ಲ ಸಿಗುತ್ತದೆ.

ಆಮೇಲೆ ಆ ದಿನದ ನೆಲದ ಸ್ಥಿತಿ ನೋಡಿ. ಇದಕ್ಕೆ ಗೋಯಿಂಗ್ ಅನ್ನುತ್ತಾರೆ. ಒಣ ನೆಲಕ್ಕೆ ಫರ್ಮ್, ಹದವಾಗಿದ್ದರೆ ಗುಡ್, ಒದ್ದೆಯಾದರೆ ಸಾಫ್ಟ್, ಕೆಸರಾದರೆ ಹೆವಿ. ಕೆಲವು ಕುದುರೆಗಳಿಗೆ ಕೆಸರು ಇಷ್ಟ, ಕೆಲವಕ್ಕೆ ಆಗುವುದೇ ಇಲ್ಲ. ಜಂಪ್ ರೇಸಿಗೆ ನೆಲ ಗಟ್ಟಿಯಾಗಿರಬಾರದು, ಹಾರಿ ಇಳಿಯುವಾಗ ಕಾಲಿಗೆ ಪೆಟ್ಟು. ಅದಕ್ಕೇ ಬೇಸಿಗೆಯಲ್ಲಿ ಟ್ರ್ಯಾಕಿಗೆ ನೀರು ಹಾಯಿಸುತ್ತಾರೆ.

ರೇಸ್‌ಕಾರ್ಡಿನಲ್ಲಿ ಜೇಮ್ಸ್ ಮೊಫಾಟ್ ಅನ್ನುವ ಟ್ರೇನರ್ ಹೆಸರು ಸಿಕ್ಕರೆ ಗಮನಿಸಿ. ಅವರ ಲಾಯ ಇರುವುದು ಕಾರ್ಟ್‌ಮೆಲ್‌ನಲ್ಲೇ. ಅವರ ಕುದುರೆ ಮುಂದೆ ಬಂದಾಗ ಏಳುವ ಕೂಗೇ ಬೇರೆ, ಊರಿನ ಕುದುರೆ ಅಲ್ವಾ.

5. ಕೋರ್ಸನ್ನು ಒಂದು ಸುತ್ತು ಅರ್ಥ ಮಾಡಿಕೊಳ್ಳಿ

ಮೊದಲ ರೇಸಿಗೆ ಮುಂಚೆ ಟ್ರ್ಯಾಕಿನ ಪಕ್ಕ ಒಂದಷ್ಟು ದೂರ ನಡೆದು ಬನ್ನಿ. ಎಡಕ್ಕೆ ತಿರುಗುವ ಟ್ರ್ಯಾಕು. ಒಂದು ಸುತ್ತು ಒಂದು ಮೈಲಿಗಿಂತ ಚೂರು ಜಾಸ್ತಿ. ತಿರುವುಗಳು ಬಿಗಿ, ನೆಲ ಏರಿಳಿತ. ದಾಪುಗಾಲಿನ ದೊಡ್ಡ ಕುದುರೆಗಿಂತ ಚುರುಕಾಗಿ ತಿರುಗುವ ಸಣ್ಣ ಕುದುರೆಗೆ ಇದು ಒಗ್ಗುತ್ತದೆ.

ಹಾರುವ ಅಡ್ಡಿಗಳು ಎರಡು ಬಗೆ. ಹರ್ಡಲ್ ಸುಮಾರು ಮೂರೂವರೆ ಅಡಿ ಎತ್ತರ. ಕುದುರೆಯ ಕಾಲು ತಾಕಿದರೆ ಬಾಗುತ್ತದೆ. ಹಾಗಾಗಿ ಹರ್ಡಲ್ ರೇಸಲ್ಲಿ ಕುದುರೆಗಳು ಓಟದ ವೇಗ ಅಷ್ಟಾಗಿ ಕಡಿಮೆ ಮಾಡದೆ ಸರ್ರಂತ ದಾಟುತ್ತವೆ. ಇನ್ನೊಂದು ಸ್ಟೀಪಲ್‌ಚೇಸ್ ಫೆನ್ಸ್. ಕಡಿಮೆ ಅಂದರೂ ನಾಲ್ಕೂವರೆ ಅಡಿ. ಬರ್ಚ್ ಮರದ ಕಡ್ಡಿಗಳನ್ನು ಒತ್ತಾಗಿ ಕಟ್ಟಿ ನಿಲ್ಲಿಸಿರುತ್ತಾರೆ. ಇದು ಬಾಗುವುದಿಲ್ಲ, ಹಾರಲೇಬೇಕು. ಕೆಲವು ಫೆನ್ಸಿನ ಮುಂದೆ ಹಳ್ಳವೂ ಇರುತ್ತದೆ. ರೇಸಿನ ಹೆಸರಲ್ಲಿ ಹರ್ಡಲ್ ಅಂತಿದೆಯಾ, ಚೇಸ್ ಅಂತಿದೆಯಾ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಸ್ಟೀಪಲ್‌ಚೇಸ್ ಹುಟ್ಟಿದ್ದು ಐರ್ಲೆಂಡಿನ ಕಾರ್ಕ್ ಕೌಂಟಿಯಲ್ಲಿ. 1752ರಲ್ಲಿ ಕಾರ್ನೆಲಿಯಸ್ ಓ'ಕ್ಯಾಲಹನ್ ಮತ್ತು ಎಡ್ಮಂಡ್ ಬ್ಲೇಕ್ ಅನ್ನುವ ಇಬ್ಬರು ಬಟವಂಟ್ ಊರಿನ ಚರ್ಚಿನಿಂದ ಡೋನರೇಲ್ ಊರಿನ ಚರ್ಚಿನವರೆಗೆ, ಸುಮಾರು ನಾಲ್ಕು ಮೈಲಿ, ಪಂದ್ಯ ಕಟ್ಟಿ ಕುದುರೆ ಓಡಿಸಿದರು. ಚರ್ಚಿನ ಗೋಪುರ ನೋಡಿಕೊಂಡು ನೇರ ಓಡುವುದು, ಹೊಲದ ಬೇಲಿ, ಹಳ್ಳ, ಕಲ್ಲುಗೋಡೆ ಏನೇ ಅಡ್ಡ ಬಂದರೂ ಹಾರುವುದು. ಕಾರ್ಟ್‌ಮೆಲ್‌ನ ಮೈದಾನದಲ್ಲಿ ನಿಂತು ಸುತ್ತ ನೋಡಿದರೆ ಚರ್ಚಿನ ಗೋಪುರ, ಕಲ್ಲುಗೋಡೆ, ಹೊಲ ಎಲ್ಲ ಕಣ್ಣೆದುರೇ ಇರುತ್ತವೆ. ಈ ಆಟ ಎಲ್ಲಿಂದ ಬಂತು ಅನ್ನುವುದು ಆಗ ಸುಲಭವಾಗಿ ಗೊತ್ತಾಗುತ್ತದೆ.

ಈ ಕೋರ್ಸಿನ ದೊಡ್ಡ ವಿಶೇಷ ರನ್-ಇನ್. ಅಂದರೆ ಕೊನೆಯ ಬೇಲಿ ಹಾರಿದ ಮೇಲೆ ಗೆಲುವಿನ ಗೆರೆಯವರೆಗಿನ ಓಟ. ಸ್ಟೀಪಲ್‌ಚೇಸಿನಲ್ಲಿ ಕಾರ್ಟ್‌ಮೆಲ್‌ನ ರನ್-ಇನ್ ಅರ್ಧ ಮೈಲಿ, ಹೆಚ್ಚುಕಡಿಮೆ 800 ಮೀಟರ್. ಬ್ರಿಟನ್ನಿನಲ್ಲೇ ಅತಿ ಉದ್ದದ್ದು. ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ರೇಸಿನ ಹೆಸರಾಂತ ರನ್-ಇನ್ ಕೂಡ 494 ಗಜ ಅಷ್ಟೇ. ಅದಕ್ಕಿಂತ ಇದು ಮುಕ್ಕಾಲು ಪಾಲು ಜಾಸ್ತಿ. ಕೊನೆಯ ಬೇಲಿ ಮೊದಲು ಹಾರಿದ ಕುದುರೆ ಗೆದ್ದೇಬಿಟ್ಟಿತು ಅಂತ ಬೇರೆ ಕಡೆ ಹೇಳಬಹುದು, ಇಲ್ಲಿ ಹೇಳುವಂತಿಲ್ಲ. ಆ ಓಟದ ಕೊನೆಯ ಭಾಗ ಸುತ್ತಿನಿಂದ ಒಳಕ್ಕೆ ಕವಲೊಡೆದು, ಮೈದಾನದ ನಟ್ಟನಡುವೆ, ಎರಡೂ ಕಡೆ ನಿಂತ ಜನರ ಮಧ್ಯೆ ಹಾದುಹೋಗುತ್ತದೆ. ಇಂಥದ್ದನ್ನು ಬೇರೆ ಕೋರ್ಸಲ್ಲಿ ನೋಡುವುದು ಕಷ್ಟ.

6. ಪೆರೇಡ್ ರಿಂಗಲ್ಲಿ ಕುದುರೆ ನೋಡುವುದು

ಪ್ರತಿ ರೇಸಿಗೆ ಇಪ್ಪತ್ತು ನಿಮಿಷ ಮುಂಚೆ ಕುದುರೆಗಳನ್ನು ಪೆರೇಡ್ ರಿಂಗಿಗೆ ತರುತ್ತಾರೆ. ಲಾಯದ ಹುಡುಗ ಹುಡುಗಿಯರು ಲಗಾಮು ಹಿಡಿದು ಸುತ್ತಿಸುತ್ತಾರೆ. ರೇಲಿಂಗ್ ಹತ್ತಿರ ಜಾಗ ಹಿಡಿದು ಎರಡು ಮೂರು ಸುತ್ತು ಸುಮ್ಮನೆ ನೋಡಿ. ಕಿವಿ ಮುಂದಕ್ಕೆ ಮಾಡಿ, ತಲೆ ಸ್ವಲ್ಪ ತಗ್ಗಿಸಿ ನಡೆಯುವ ಕುದುರೆ ನೆಮ್ಮದಿಯಲ್ಲಿದೆ. ಹಿಂಗಾಲು ಎಲ್ಲಿ ಬೀಳುತ್ತದೆ ನೋಡಿ. ಮುಂಗಾಲಿನ ಗುರುತು ದಾಟಿ ಮುಂದೆ ಬಿದ್ದರೆ ನಡಿಗೆ ಸಡಿಲವಾಗಿದೆ, ಮೈ ಹಗುರವಾಗಿದೆ ಅಂತ ಅರ್ಥ. ತೊಡೆಗಳ ನಡುವೆ, ಕುತ್ತಿಗೆಯ ಮೇಲೆ ಬಿಳಿ ನೊರೆಯಂತೆ ಬೆವರಿದ್ದರೆ ಕುದುರೆ ಗಾಬರಿಯಲ್ಲಿದೆ, ಓಡುವ ಮುಂಚೆಯೇ ಶಕ್ತಿ ಖರ್ಚಾಗುತ್ತಿದೆ ಅಂತ ಅನುಭವಸ್ಥರು ಹೇಳುತ್ತಾರೆ.

ಇದೇ ನಂಬಿಕೆಯನ್ನು ಬಳಸಿಕೊಂಡು ಇದೇ ಕಾರ್ಟ್‌ಮೆಲ್‌ನಲ್ಲಿ ಒಂದು ದೊಡ್ಡ ಮೋಸದಾಟ ನಡೆಯಿತು. 1974ರ ಆಗಸ್ಟ್ 26, ಬ್ಯಾಂಕ್ ಹಾಲಿಡೇ ಸೋಮವಾರ. ಐರ್ಲೆಂಡಿನ ಟೋನಿ ಮರ್ಫಿ ಅನ್ನುವ ಕಂಟ್ರಾಕ್ಟರನ ಗುಂಪು ಗೇ ಫ್ಯೂಚರ್ ಅನ್ನುವ ಒಳ್ಳೆಯ ಕುದುರೆಯನ್ನು ಐರ್ಲೆಂಡಲ್ಲೇ ತಯಾರು ಮಾಡಿಸಿತು. ಸ್ಕಾಟ್ಲೆಂಡಿನ ಟ್ರೇನರ್ ಆಂಟನಿ ಕಾಲಿನ್ಸ್ ಅವರ ಲಾಯದಲ್ಲಿ ಅದೇ ಹೆಸರಲ್ಲಿ ಬೇರೊಂದು ಸಾಧಾರಣ ಕುದುರೆ ಇಟ್ಟಿತು. ರೇಸಿನ ಹೊತ್ತಿಗೆ ಕುದುರೆ ಅದಲುಬದಲು. ರಿಂಗಿಗೆ ತರುವ ಮುಂಚೆ ಅಸಲಿ ಕುದುರೆಯ ಮೈಗೆ ಸೋಪಿನ ಪುಡಿ ಹಚ್ಚಿದರು. ನೊರೆ ನೋಡಿದವರು ಇದು ಬೆವರು, ಇದರಿಂದ ಆಗುವುದಿಲ್ಲ ಅಂದುಕೊಂಡರು.

ಅತ್ತ ಲಂಡನ್ನಿನ ಬೆಟ್ಟಿಂಗ್ ಅಂಗಡಿಗಳಲ್ಲಿ ಗೇ ಫ್ಯೂಚರನ್ನು ಇನ್ನೆರಡು ಕುದುರೆಗಳ ಜೊತೆ ಜೋಡಿಸಿ ಸಣ್ಣ ಸಣ್ಣ ಮೊತ್ತದಲ್ಲಿ ಹಣ ಕಟ್ಟಿದ್ದರು. ಆ ಎರಡೂ ಬೇರೆ ಕೋರ್ಸುಗಳಲ್ಲಿ ಓಡಬೇಕಾಗಿತ್ತು, ಓಡಲೇ ಇಲ್ಲ. ನಿಯಮದ ಪ್ರಕಾರ ಹಣವೆಲ್ಲ ಗೇ ಫ್ಯೂಚರ್ ಮೇಲೆ ಬಿತ್ತು. ಬುಕ್ಕಿಗಳಿಗೆ ಸಂಶಯ ಬಂದರೂ, ದರ ಇಳಿಸಿ ಅಂತ ಕಾರ್ಟ್‌ಮೆಲ್‌ಗೆ ಸುದ್ದಿ ಮುಟ್ಟಿಸಲು ಆಗಲಿಲ್ಲ. ಅಂಗಡಿಗಳಿಂದ ಕೋರ್ಸಿಗೆ ಇರಬೇಕಾದ ನೇರ ಫೋನ್ ಸಂಪರ್ಕ ಈ ಮೂಲೆಯ ಹಳ್ಳಿಗೆ ಇರಲಿಲ್ಲ. ಈ ಕೋರ್ಸ್ ಆರಿಸಿದ್ದೇ ಅದಕ್ಕೆ. ಕುದುರೆ 10/1 ದರದಲ್ಲಿ (ಒಂದಕ್ಕೆ ಹತ್ತು ಲಾಭ), 15 ಲೆಂಗ್ತ್ ಅಂದರೆ ಹದಿನೈದು ಕುದುರೆಗಳ ಉದ್ದದಷ್ಟು ಅಂತರದಲ್ಲಿ ಗೆದ್ದಿತು. ಆಮೇಲೆ ವಿಷಯ ಬಯಲಾಗಿ, 1976ರಲ್ಲಿ ಪ್ರೆಸ್ಟನ್ ನ್ಯಾಯಾಲಯದಲ್ಲಿ ಮರ್ಫಿ ಮತ್ತು ಕಾಲಿನ್ಸ್ ಇಬ್ಬರಿಗೂ ದಂಡ ಬಿತ್ತು. ಇಂದಿಗೂ ಆ ಕಥೆ ಹೇಳಿ ನಗುವವರು ಹಳ್ಳಿಯ ಪಬ್ಬುಗಳಲ್ಲಿ ಸಿಗುತ್ತಾರೆ. ಮೋಸ ಮೋಸವೇ, ಆದರೆ ಪೆರೇಡ್ ರಿಂಗಲ್ಲಿ ಜನ ಎಷ್ಟು ಸೂಕ್ಷ್ಮವಾಗಿ ನೋಡುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

7. ಹಣ ಕಟ್ಟುವುದಾದರೆ

ಕಟ್ಟಲೇಬೇಕು ಅಂತೇನಿಲ್ಲ. ಒಂದು ಪೈಸೆ ಕಟ್ಟದೆಯೂ ಇಡೀ ದಿನ ಖುಷಿಯಾಗಿ ಕಳೆಯಬಹುದು. ಕಟ್ಟುವವರು ಮನೆಯಿಂದ ಹೊರಡುವಾಗಲೇ ಒಂದು ಮೊತ್ತ ತೆಗೆದಿಡಿ, ಟಿಕೆಟ್ ಖರ್ಚಿನ ಜೊತೆ ಅದನ್ನೂ ಸೇರಿಸಿ ಹೋದದ್ದು ಹೋಯಿತು ಅಂತ ಲೆಕ್ಕ ಬರೆದುಬಿಡಿ. ಹದಿನೆಂಟು ತುಂಬದವರು ಕಟ್ಟುವಂತಿಲ್ಲ.

ಎರಡು ದಾರಿ ಇವೆ. ಒಂದು ಟೋಟ್. ಎಲ್ಲರ ಹಣ ಒಂದೇ ಕಡೆ ಸೇರಿ ಗೆದ್ದವರಿಗೆ ಹಂಚಿಕೆಯಾಗುತ್ತದೆ, ಎಷ್ಟು ಸಿಗುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಇನ್ನೊಂದು ಬುಕ್ಕಿಗಳು. ಸಾಲಾಗಿ ಬೋರ್ಡ್ ಹಾಕಿಕೊಂಡು ನಿಂತಿರುತ್ತಾರೆ, ಇಲ್ಲಿ ಅದು ಕಾನೂನುಬದ್ಧ. ಒಬ್ಬೊಬ್ಬರ ಬೋರ್ಡಲ್ಲಿ ಒಂದೊಂದು ದರ ಇರುತ್ತದೆ. ಹಾಗಾಗಿ ಮೊದಲು ಸಿಕ್ಕವರ ಹತ್ತಿರ ಕಟ್ಟಬೇಡಿ, ಸಾಲು ಪೂರ್ತಿ ನೋಡಿಕೊಂಡು ಬನ್ನಿ. 5/1 ಅಂತಿದ್ದರೆ ಒಂದು ಪೌಂಡಿಗೆ ಐದು ಪೌಂಡ್ ಲಾಭ, ಕಟ್ಟಿದ ಪೌಂಡೂ ವಾಪಸ್. ಕುದುರೆಯ ನಂಬರ್ ಮತ್ತು ಮೊತ್ತ ಹೇಳಿದರೆ ಚೀಟಿ ಕೊಡುತ್ತಾರೆ. ಚೀಟಿ ಜೋಪಾನ.

ಹೊಸಬರಿಗೆ ಗೊಂದಲ ಆಗುವುದು ಈಚ್-ವೇ ಅನ್ನುವ ಬಗೆಯಲ್ಲಿ. ಇದು ಎರಡು ಪಂದ್ಯ ಸೇರಿ ಒಂದು. ಅರ್ಧ ಹಣ ಕುದುರೆ ಗೆಲ್ಲುತ್ತದೆ ಅಂತ, ಇನ್ನರ್ಧ ಮೊದಲ ಕೆಲವು ಸ್ಥಾನದೊಳಗೆ ಬರುತ್ತದೆ ಅಂತ. ಐದು ಪೌಂಡ್ ಈಚ್-ವೇ ಅಂದರೆ ನಿಮ್ಮ ಜೇಬಿಂದ ಹತ್ತು ಪೌಂಡ್ ಹೋಗುತ್ತದೆ. ಎಂಟೋ ಒಂಬತ್ತೋ ಕುದುರೆ ಓಡುವ ರೇಸಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸ್ಥಾನಕ್ಕೆ, ದರದ ಐದನೇ ಒಂದು ಭಾಗ ಕೊಡುತ್ತಾರೆ. 8/1 ಇದ್ದ ಕುದುರೆ ಎರಡನೆಯದಾಗಿ ಬಂತು ಅನ್ನಿ. ಗೆಲುವಿನ ಐದು ಪೌಂಡ್ ಹೋಯಿತು. ಸ್ಥಾನದ ಐದು ಪೌಂಡಿಗೆ ಎಂಟು ಪೌಂಡ್ ಲಾಭ ಸೇರಿ ಹದಿಮೂರು ವಾಪಸ್. ಒಟ್ಟಿನಲ್ಲಿ ಮೂರು ಪೌಂಡ್ ಉಳಿಯಿತು. ಅದೇ ಕುದುರೆ ಗೆದ್ದಿದ್ದರೆ ಕೈಗೆ ಐವತ್ತೆಂಟು ಬರುತ್ತಿತ್ತು.

ರೇಸ್ ಮುಗಿದ ಕೂಡಲೇ ಚೀಟಿ ಹರಿಯಬೇಡಿ. ಜಾಕಿಗಳು ತೂಕ ಮಾಡಿಸಿಕೊಂಡು, ವೇಡ್ ಇನ್ ಅಂತ ಮೈಕಲ್ಲಿ ಕೂಗುವವರೆಗೆ ಹಣ ಕೊಡುವುದಿಲ್ಲ.

8. ಎಲ್ಲಿ ನಿಂತು ನೋಡಬೇಕು

ಈ ಇಡೀ ದಿನದ ಜೀವಾಳ ಇದು. ಎಲ್ಲಿ ನಿಂತರೂ ಪೂರ್ತಿ ಟ್ರ್ಯಾಕು ಕಾಣುವುದಿಲ್ಲ. ಮರಗಳ ಹಿಂದೆ, ಜನರ ಹಿಂದೆ ಕುದುರೆಗಳು ಮರೆಯಾಗುತ್ತವೆ. ಮೈಕಿನ ಕಾಮೆಂಟರಿ ಕೇಳುತ್ತಿರಿ, ದೊಡ್ಡ ಪರದೆ ಇದ್ದರೆ ಆಗಾಗ ನೋಡಿ. ಎಲ್ಲವೂ ಕಾಣಬೇಕು ಅನ್ನುವ ಆಸೆ ಬಿಟ್ಟು, ಒಂದೊಂದು ರೇಸಿಗೆ ಒಂದೊಂದು ಜಾಗ ಆರಿಸಿ. ರೇಸಿಗೂ ರೇಸಿಗೂ ನಡುವೆ ಅರ್ಧ ಗಂಟೆಗಿಂತ ಜಾಸ್ತಿ ಸಮಯ ಸಿಗುತ್ತದೆ.

ಮೊದಲ ರೇಸನ್ನು ಗೆಲುವಿನ ಗೆರೆಯ ಹತ್ತಿರ ನೋಡಿ. ಎರಡನೆಯದಕ್ಕೆ ಸ್ಟಾರ್ಟ್ ಆಗುವ ಕಡೆ ಹೋಗಲು ಸಾಧ್ಯವಾದರೆ ಹೋಗಿ. ಬೆಂಗಳೂರಿನ ಹಾಗೆ ಗೇಟಿನ ಗೂಡುಗಳು ಇಲ್ಲಿಲ್ಲ. ಕುದುರೆಗಳು ಸುತ್ತಾಡುತ್ತಾ ಸಾಲಿಗೆ ಬರುತ್ತವೆ, ಅಡ್ಡ ಕಟ್ಟಿದ ಟೇಪ್ ಸರಿದ ಕೂಡಲೇ ಹೊರಡುತ್ತವೆ.

ಒಂದು ಚೇಸ್ ರೇಸನ್ನಂತೂ ಫೆನ್ಸಿನ ಪಕ್ಕ ನಿಂತು ನೋಡಲೇಬೇಕು. ರೇಲಿಂಗ್ ಎಷ್ಟು ಹತ್ತಿರ ಬಿಡುತ್ತದೋ ಅಷ್ಟು ಹತ್ತಿರ. ಮೊದಲು ಏನೂ ಇರುವುದಿಲ್ಲ. ಕಾಮೆಂಟರಿ ಎಲ್ಲೋ ದೂರದಲ್ಲಿ ಕೇಳುತ್ತಿರುತ್ತದೆ. ಆಮೇಲೆ ಗೊರಸಿನ ಸದ್ದು, ಕಿವಿಗಿಂತ ಮುಂಚೆ ಕಾಲಿಗೆ ಗೊತ್ತಾಗುತ್ತದೆ. ಕುದುರೆಗಳು ಹತ್ತಿರ ಬಂದಂತೆ ಜಾಕಿಗಳು ಒಬ್ಬರಿಗೊಬ್ಬರು ಕೂಗಿಕೊಳ್ಳುವುದು, ತಮ್ಮ ಕುದುರೆಗೆ ಹುರಿದುಂಬಿಸುವುದು ಎಲ್ಲ ಸ್ಪಷ್ಟ ಕೇಳುತ್ತದೆ. ಬೇಲಿಗೆ ಮೂರ್ನಾಲ್ಕು ಹೆಜ್ಜೆ ಇರುವಾಗ ಕುದುರೆಯ ಕಿವಿ ನೋಡಿ, ನೆಟ್ಟಗಾಗುತ್ತವೆ. ಕೆಲವು ಹೆಜ್ಜೆ ಚಿಕ್ಕದು ಮಾಡಿ ಬೇಲಿಯ ಬುಡಕ್ಕೆ ಬಂದು ಹಾರುತ್ತವೆ. ಕೆಲವು ದೂರದಿಂದಲೇ ಚಿಮ್ಮುತ್ತವೆ. ಹೊಟ್ಟೆ ಕಡ್ಡಿಗೆ ಸವರಿದ ಸರಸರ ಸದ್ದು, ಒಂದೆರಡು ಕಡ್ಡಿ ಮೇಲೆ ಹಾರುತ್ತವೆ. ಇಳಿಯುವಾಗ ಮೂತಿ ನೆಲಕ್ಕೆ ಮುಟ್ಟುವಂತೆ ತಗ್ಗುತ್ತದೆ. ಆಗ ಜಾಕಿ ಹಿಂದಕ್ಕೆ ವಾಲಿ, ಲಗಾಮನ್ನು ಬೆರಳುಗಳ ನಡುವಿಂದ ಜಾರಲು ಬಿಡುತ್ತಾನೆ. ಕುದುರೆಗೆ ತಲೆ ಚಾಚಲು ಜಾಗ ಬೇಕು, ಬಿಗಿ ಹಿಡಿದರೆ ಇಬ್ಬರೂ ಬೀಳುತ್ತಾರೆ. ಮರುಕ್ಷಣವೇ ಲಗಾಮು ಒಟ್ಟುಮಾಡಿಕೊಂಡು ಮುಂದಿನ ಬೇಲಿಗೆ ಹೊರಟಿರುತ್ತಾನೆ. ಈ ಒಂದು ಕೈಚಳಕ ಕಣ್ಣಾರೆ ನೋಡಿದ ಮೇಲೆ ಜಾಕಿಗಳ ಮೇಲಿನ ಗೌರವ ಎಷ್ಟೋ ಪಟ್ಟು ಹೆಚ್ಚುತ್ತದೆ. ಇವರಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ, ಗಂಡಸರ ಜೊತೆಯಲ್ಲೇ, ಅದೇ ರೇಸಲ್ಲಿ.

ಕೊನೆಗೆ ಒಂದು ಚೇಸನ್ನು ಮೈದಾನದ ನಡುವಿನ ರನ್-ಇನ್ ಪಕ್ಕ ನೋಡಿ. ಮುಂದಿದ್ದ ಕುದುರೆಯ ಹೆಜ್ಜೆ ಚಿಕ್ಕದಾಗುತ್ತಾ ಬರುವುದು, ಹಿಂದಿನದು ಮೆಲ್ಲಗೆ ಅಂತರ ಕರಗಿಸುವುದು, ಎರಡೂ ಕಡೆಯ ಜನ ಗಂಟಲು ಹರಿಯುವಂತೆ ಕೂಗುವುದು. ಆ ಅರ್ಧ ಮೈಲಿ ಬಹಳ ಉದ್ದ.

ಎರಡು ಎಚ್ಚರಿಕೆ. ಟ್ರ್ಯಾಕು ದಾಟುವ ದಾರಿಗಳನ್ನು ರೇಸಿಗೆ ಮುಂಚೆ ಮುಚ್ಚುತ್ತಾರೆ, ತಡ ಮಾಡಿದರೆ ಬೇಡದ ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ. ಮಕ್ಕಳ ಬಲೂನು, ಹಾರಾಡುವ ಪ್ಲಾಸ್ಟಿಕ್ ಚೀಲ, ಫ್ಲ್ಯಾಶ್ ಯಾವುದೂ ರೇಲಿಂಗ್ ಹತ್ತಿರ ಬೇಡ.

9. ಕುದುರೆ ಬಿದ್ದಾಗ

ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಜಂಪ್ ರೇಸಲ್ಲಿ ಕುದುರೆಗಳು ಬೀಳುತ್ತವೆ. ಹೆಚ್ಚಿನ ಸಲ ಎದ್ದು, ಜಾಕಿ ಇಲ್ಲದೆಯೇ ಉಳಿದವರ ಜೊತೆ ಓಡುತ್ತವೆ. ಕೆಲವು ಸಲ ಏಳುವುದಿಲ್ಲ. ಆಗ ಸುತ್ತ ಪರದೆ ಹಿಡಿಯುತ್ತಾರೆ. ಪರದೆ ಕಂಡ ಕೂಡಲೇ ಕೆಟ್ಟದ್ದೇ ಆಯಿತು ಅಂದುಕೊಳ್ಳಬೇಡಿ. ಡಾಕ್ಟರು ನೆಮ್ಮದಿಯಾಗಿ ಪರೀಕ್ಷೆ ಮಾಡಲಿ ಅಂತಲೂ ಹಿಡಿಯುತ್ತಾರೆ. ಆದರೆ ಕೆಲವೊಮ್ಮೆ ಕುದುರೆ ಸಾಯುತ್ತದೆ, ಅದು ನಿಜ. ಪುಟ್ಟ ಮಕ್ಕಳನ್ನು ಕರೆದೊಯ್ಯುವವರು ಅವರಿಗೆ ಏನು ಹೇಳಬೇಕು ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ.

ಪ್ರತಿ ರೇಸಿನ ಜೊತೆಗೂ ಆಂಬುಲೆನ್ಸ್ ಮತ್ತು ಪಶುವೈದ್ಯರ ಗಾಡಿ ಪಕ್ಕದಲ್ಲೇ ಓಡುತ್ತವೆ. ಬಿದ್ದವರು ಇನ್ನೂ ಅಲ್ಲೇ ಇದ್ದರೆ ಮುಂದಿನ ಸುತ್ತಿಗೆ ಆ ಬೇಲಿ ಮುಚ್ಚಿ, ಬಾವುಟ ಬೀಸಿ ಕುದುರೆಗಳನ್ನು ಪಕ್ಕದಿಂದ ಕಳಿಸುತ್ತಾರೆ. ಜಂಪ್ ರೇಸಲ್ಲಿ ಜಾಕಿ ಚಾಟಿ ಬಳಸಲು ಏಳು ಸಲದ ಮಿತಿ ಇದೆ, ಮೀರಿದರೆ ಶಿಕ್ಷೆ. ಇಷ್ಟೆಲ್ಲ ಇದ್ದರೂ ಇದನ್ನು ನೋಡಲು ಮನಸ್ಸು ಒಪ್ಪದವರು ಇರುತ್ತಾರೆ. ಅವರನ್ನು ಬಲವಂತ ಮಾಡಬೇಡಿ. ಕುದುರೆಯನ್ನು ಮೆಚ್ಚಿ ಹೋಗುವವರು ಈ ಭಾಗಕ್ಕೆ ಕಣ್ಣು ಮುಚ್ಚುವುದೂ ಸರಿಯಲ್ಲ.

10. ಊಟ, ಹಳ್ಳಿ

ಕೋರ್ಸ್ ಎನ್‌ಕ್ಲೋಶರಲ್ಲಿ ಮನೆ ಮನೆಯವರೂ ಚಾಪೆ ಹಾಸಿ ಬುತ್ತಿ ಬಿಚ್ಚುತ್ತಾರೆ. ನಮ್ಮವರಿಗೆ ಇದಕ್ಕಿಂತ ಅನುಕೂಲ ಬೇಕಾ? ಪುಳಿಯೋಗರೆ, ಚಪಾತಿ ಪಲ್ಯ, ಮೊಸರನ್ನ ಒಯ್ಯಿರಿ. ಗಾಡಿಗಳಲ್ಲಿ ಹೆಚ್ಚಾಗಿ ಬರ್ಗರ್, ಸಾಸೇಜ್. ಸಸ್ಯಾಹಾರಿಗಳಿಗೆ ಚಿಪ್ಸ್ ಬಿಟ್ಟರೆ ಆಯ್ಕೆ ಕಡಿಮೆ.

ಹಳ್ಳಿಯ ಚೌಕದ ಕಾರ್ಟ್‌ಮೆಲ್ ವಿಲೇಜ್ ಶಾಪ್ ಸ್ಟಿಕಿ ಟಾಫಿ ಪುಡ್ಡಿಂಗಿಗೆ ದೇಶಕ್ಕೇ ಹೆಸರಾದದ್ದು. ಖರ್ಜೂರ ಹಾಕಿದ ಮೆತ್ತನೆ ಕೇಕು, ಮೇಲೆ ಬಿಸಿ ಟಾಫಿ ಸಾಸು. ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ. ಇದರ ಹೆಸರಲ್ಲೇ ಇಲ್ಲಿ ಒಂದು ರೇಸೂ ನಡೆಯುತ್ತದೆ. ಬಾಣಸಿಗ ಸೈಮನ್ ರೋಗನ್ ಅವರ ಲಾಂಕ್ಲೂಮ್ ರೆಸ್ಟೋರೆಂಟ್ ಇರುವುದೂ ಇದೇ ಹಳ್ಳಿಯಲ್ಲಿ. 2022ರಲ್ಲಿ ಮೂರು ಮಿಶೆಲಿನ್ ಸ್ಟಾರ್, ಅಂದರೆ ರೆಸ್ಟೋರೆಂಟುಗಳಿಗೆ ಸಿಗುವ ಅತಿ ದೊಡ್ಡ ಮನ್ನಣೆ, ಪಡೆಯಿತು. ಅಲ್ಲಿ ಬಹಳ ಮುಂಚೆಯೇ ಬುಕ್ ಮಾಡಬೇಕು, ಜೇಬೂ ಗಟ್ಟಿ ಇರಬೇಕು.

ರೇಸಿಗೆ ಮುಂಚೆ ಒಂದು ಗಂಟೆ ಸಿಕ್ಕರೆ ಕಾರ್ಟ್‌ಮೆಲ್ ಪ್ರಯರಿಗೆ ಹೋಗಿ. ಆ ಕಾಲದ ಹೆಸರಾಂತ ಯೋಧ ವಿಲಿಯಂ ಮಾರ್ಷಲ್ 1190ರ ಸುಮಾರಿಗೆ ಕಟ್ಟಿಸಿದ ಮಠ. ದೊರೆ ಎಂಟನೇ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ ಇದೂ ಮುಚ್ಚಿತು, ಆದರೆ ಊರವರು ಪೂಜೆ ಮಾಡುತ್ತಿದ್ದ ಚರ್ಚಾದ್ದರಿಂದ ಕಟ್ಟಡ ಉಳಿಯಿತು. ಹೊರಗೆ ನಿಂತು ಗೋಪುರ ನೋಡಿ. ಕೆಳಗಿನ ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ, ಮೂಲೆ ತಿರುಗಿಸಿ ಕೂರಿಸಿದ್ದಾರೆ.

11. ವಾಪಸ್ ಹೊರಡುವಾಗ, ಮತ್ತು ಕಾರ್ಟ್‌ಮೆಲ್ ದೂರವಾದರೆ

ಕೊನೆಯ ರೇಸ್ ಮುಗಿದ ಕೂಡಲೇ ಎಲ್ಲರೂ ಕಾರಿಗೆ ಓಡುತ್ತಾರೆ. ಓಡಬೇಡಿ, ಅರ್ಧ ಗಂಟೆ ಗೇಟಲ್ಲೇ ನಿಂತಿರುತ್ತೀರಿ. ಅದರ ಬದಲು ಗೆದ್ದ ಕುದುರೆಯನ್ನು ನಿಲ್ಲಿಸುವ ಕಡೆ ಹೋಗಿ. ಬಕೆಟ್ಟಲ್ಲಿ ನೀರು ಸುರಿದು ಕುದುರೆಯ ಮೈ ತಂಪು ಮಾಡುತ್ತಿರುತ್ತಾರೆ, ಮಾಲೀಕರು ಜಾಕಿಯ ಬಾಯಿಂದ ರೇಸಿನ ವಿವರ ಕೇಳುತ್ತಿರುತ್ತಾರೆ. ರೈಲಿಗೆ ಹೋಗುವವರು ಮಾತ್ರ ಬರೆದಿಟ್ಟ ಹೊತ್ತಿಗೆ ಹೊರಡಲೇಬೇಕು.

ಎಲ್ಲರಿಗೂ ಕಂಬ್ರಿಯಾ ಹತ್ತಿರವಲ್ಲ. ನ್ಯೂಕಾಸಲ್ ಕಡೆಯವರಿಗೆ ಹೆಕ್ಸಮ್ ಇದೆ. ಗುಡ್ಡದ ಮೇಲಿನ ಕೋರ್ಸ್, ಕೊನೆಗೆ ಕಡಿದಾದ ಏರು, ಕುದುರೆಗಳ ಗಟ್ಟಿತನ ಅಲ್ಲಿ ತಿಳಿಯುತ್ತದೆ. ಲಿವರ್‌ಪೂಲ್, ಚೆಸ್ಟರ್ ಕಡೆಯವರಿಗೆ ವೇಲ್ಸಿನ ಬ್ಯಾಂಗರ್-ಆನ್-ಡೀ. ಅಲ್ಲಿ ಸ್ಟ್ಯಾಂಡೇ ಇಲ್ಲ, ಹುಲ್ಲಿನ ದಿಬ್ಬದ ಮೇಲೆ ಕೂತು ನೋಡಬೇಕು. ದಕ್ಷಿಣ ತೀರದವರು ಫಾಂಟ್‌ವೆಲ್‌ಗೆ ಹೋಗಬಹುದು. ಅದರ ಚೇಸ್ ಟ್ರ್ಯಾಕು ಇಂಗ್ಲಿಷಿನ ಎಂಟರ ಆಕಾರದಲ್ಲಿದೆ. ನಡುವಿನ ಜಾಗದಲ್ಲಿ ನಿಂತು ಸ್ವಲ್ಪ ನಡೆದರೆ ಸಾಕು, ಒಂದೇ ರೇಸಲ್ಲಿ ಹಲವು ಬೇಲಿಗಳನ್ನು ಹತ್ತಿರದಿಂದ ನೋಡಬಹುದು. ಈ ಮೂರೂ ಕಾರ್ಟ್‌ಮೆಲ್ ಮುಚ್ಚಿರುವ ತಿಂಗಳುಗಳಲ್ಲೂ ರೇಸ್ ನಡೆಸುತ್ತವೆ. ಅಕ್ಟೋಬರ್ ನಂತರ ಹೋಗುವುದಾದರೆ ರೇನ್‌ಕೋಟಿನ ಜೊತೆ ದಪ್ಪ ಕಾಲುಚೀಲ, ಕೈಗವಸು, ಫ್ಲಾಸ್ಕಲ್ಲಿ ಬಿಸಿ ಕಾಫಿ ಇರಲಿ.